ಜಗಳವಿಲ್ಲದೆ ಸಿಕ್ಕ ಬಂಗಡೆ

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತಿದ್ದ ಶಾಂಭವಿಯ ಪಕ್ಕದಲ್ಲೇ ಗಂಡ ಹೆಂಡತಿ ಮೀನಿನ ಚೀಲವಿಟ್ಟುಕೊಂಡು ಕೂತಿದ್ದರು. ಗಂಡನ ದನಿ ಏರಿದಾಗ ಅವಳು ಮೊಬೈಲಿನಿಂದ ತಲೆಯೆತ್ತಿದಳು.

"ಮೀನು ಮಾರುವ ತುಳಸಿ ಯಾವಾಗ್ಲೂ ಕಚ್ಚಾಡ್ತಾಳೆ, ಇವತ್ತು ನಾ ಕೇಳ್ದ ರೇಟಿಗೇ ಬಂಗಡೆ ಕೊಟ್ಲು. ನೀನೇ ಹೇಳಿಟ್ಟದ್ದಲ್ಲ?"

"ನಾ ಎಂತ ಹೇಳ್ಲಿ?"

"ಇವ್ರಿಗೆ ಹಾರ್ಟ್ ಅಟ್ಯಾಕ್ ಆಗ್ಯದೆ, ಎದುರು ಮಾತಾಡ್ಬೇಡಿ ಅಂತ. ಪಕ್ಕದ್ಮನೆ ಜಟ್ಟಿ ಇಸ್ಪೀಟಲ್ಲಿ ಬೇಕಂತ ಸೋಲ್ತಾನೆ. ಮಗಳು ಎಲ್ಲದಕ್ಕೂ ಆತು ಅಪ್ಪ ಅಂತಾಳೆ. ಆಸ್ಪತ್ರೆಯಿಂದ ಬಂದದ್ದು ನಾನಾ, ನನ್ನ ಹೆಣವಾ?"

"ಮೆಲ್ಲಗೆ. ಸಿಟ್ಟು ಬರಿಸ್ಬೇಡಿ ಅಂದಾರೆ ಡಾಕ್ಟ್ರು."

"ಸಿಟ್ಟು ಬರುದೇ ಇದ್ಕೆ. ಇದೇ ಕಡೇ ರಾತ್ರಿಯೋ ಏನೋ ಅಂತ ನಾ ದಿನಾ ಮಲಗ್ತೆ. ಬೆಳಗಾದ್ರೆ ನಿಮ್ಮೆಲ್ರ ಮುಖ ನೋಡಿ ಸತ್ತದ್ದು ಹೌದು ಅನ್ನಿಸ್ತದೆ."

ಹೆಂಡತಿ ಚೀಲವನ್ನೆತ್ತಿ ಅವನ ತೊಡೆಯ ಮೇಲೆ ಕುಕ್ಕಿದಳು.

"ಜಟ್ಟಿಗೆ ಹೇಳಿದ್ದು ಹೌದು. ತುಳಸಿಗೆ ಎಂತದೂ ಹೇಳ್ಲಿಲ್ಲ. ಇದು ನಿನ್ನೆ ಬಂಗಡೆ, ಕಿವಿರು ಕಪ್ಪಾದದ್ದು ನೋಡಿ."

"ನೀ ಆಗ್ಲೇ ನೋಡಿದ್ಯಾ?"

"ನೋಡಿದ್ದೆ. ನಿಮ್ಗೆ ಸಿಟ್ಟು ಬತ್ತದೆ ಅಂತ ಬಾಯಿ ಮುಚ್ಕೊಂಡಿದ್ದೆ. ಇಷ್ಟು ವರ್ಷ ಮೀನು ತಂದವ್ರಿಗೆ ಗೊತ್ತಾಗ್ಲಿಲ್ವಾ? ಹಾಳಾದದ್ದು ಹಾರ್ಟು, ಕಣ್ಣಲ್ಲ."

"ಹಂಗಾರೆ ಅವ್ಳು ನಂಗೆ ಟೋಪಿ ಹಾಕಿದ್ಲು."

"ಹಾಕಿದ್ಲು. ಮೊದಲಿನ ಹಂಗೇ."

ಅವರು ಹೋಗಬೇಕಿದ್ದ ಹೊಳನಗದ್ದೆಯ ಬಸ್ಸು ಬಂದು ನಿಂತಿತು. ಗಂಡ ಅದರತ್ತ ನೋಡಲೂ ಇಲ್ಲ. ಚೀಲ ಹಿಡಿದು ಮೀನು ಮಾರ್ಕೆಟಿನ ಕಡೆ ದಾಪುಗಾಲು ಹಾಕಿದ. 'ನಿಧಾನ' ಎನ್ನಲು ಬಾಯಿ ತೆರೆದ ಹೆಂಡತಿ ಅದನ್ನು ನುಂಗಿಕೊಂಡು, ಸೆರಗು ಸಿಕ್ಕಿಸಿ ಹಿಂದೆಯೇ ಹೊರಟಳು.

"ನಾ ಬರುವವರೆಗೆ ಜಗಳ ಶುರು ಮಾಡ್ಬೇಡಿ."