ನಾಲ್ಕನೆಯದೂ ಸಾಲಲಿಲ್ಲ

…ಇಲ್ಲ ಸಾರ್, ಕೇಳಿಸಲ್ಲ ಅಂತ ನಾನೆಲ್ಲಿ ಹೇಳಿದೆ? ಕೇಳಿಸುತ್ತೆ. ಕೇಳಿಸುತ್ತೆ, ಆದ್ರೆ… ಹೇಗೆ ಹೇಳಲಿ… ಪಕ್ಕದ ಮನೆಯಲ್ಲಿ ಯಾರೋ ಹಾಡು ಹಾಕ್ಕೊಂಡಿದ್ದಾರೆ, ನಾನು ಈ ಕಡೆ ಗೋಡೆಗೆ ಕಿವಿ ಕೊಟ್ಟು ಕೂತಿದ್ದೀನಿ, ಹಾಗೆ ಕೇಳಿಸುತ್ತೆ. ಗುಂಡಿ ಪೂರ್ತಿ ತಿರುಗಿಸಿದ್ದೀನಿ. ಇನ್ನೂ ತಿರುಗಿಸಿದ್ರೆ ಕೈಗೇ ಬಂದುಬಿಡುತ್ತೆ!

ಯಾಕೆ ನಗ್ತೀರಿ? ನಾಲ್ಕನೇ ಆಂಪ್ಲಿಫೈಯರ್ ಇದು, ನಾಲ್ಕನೇ ಸಲ ಇದೇ ರಾಗ ಹಾಡ್ತಿದ್ದಾಳೆ ಅಂತಾನಾ? ನಗಿ, ನಗಿ. ಹೊತ್ಕೊಂಡು ಬಂದವಳು ನಾನು. ಬಸ್ಸಲ್ಲಿ ಕಂಡಕ್ಟರ್ ಏನಂದ ಗೊತ್ತಾ? "ಅಮ್ಮಾ, ಅದನ್ನ ಸೀಟಿನ ಮೇಲೆ ಕೂರಿಸಿದ್ದೀರಲ್ಲ, ಅದಕ್ಕೂ ಒಂದು ಟಿಕೆಟ್ ತಗೊಳ್ಳಿ" ಅಂದ. ತಗೊಂಡೆ! ತೊಡೆ ಮೇಲೆ ಇಟ್ಕೊಂಡ್ರೆ ಕಾಲು ಜೋಮು ಹಿಡಿಯುತ್ತೆ ಸಾರ್. ಕಬ್ಬಿಣ ಅಲ್ವಾ, ಪೂರ್ತಿ ಕಬ್ಬಿಣ.

ಹೆಡ್‌ಫೋನ್ ತಂದಿದ್ದೀನಿ, ಹೂಂ, ಇಲ್ಲೇ ಇದೆ. ತಪ್ಪೆಲ್ಲ ಇದರದ್ದೇ. ಅಕ್ಕನ ಮಗಳು ಕೊಟ್ಟಾಗ "ಚಿಕ್ಕಮ್ಮಾ, ನಾನು ಬೇರೆ ಕೊಂಡ್ಕೊಂಡೆ, ಇದು ನಿಮಗಿರಲಿ, ತುಂಬಾ ಒಳ್ಳೇದು" ಅಂದ್ಲು. ಒಳ್ಳೇದೇನೋ ಸರಿ, ಇದಕ್ಕೆ ಇಷ್ಟು ಹಸಿವು ಅಂತ ಒಂದು ಮಾತು ಹೇಳಬೇಕೋ ಬೇಡವೋ? ಫೋನಿಗೆ ಚುಚ್ಚಿದ್ರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಆಗ ತಾನೇ ನಾನು ಈ ಅಂಗಡಿ ಹುಡುಕ್ಕೊಂಡು ಬಂದದ್ದು. ನೀವು ಇದನ್ನ ಕೈಯಲ್ಲಿ ಹಿಡ್ಕೊಂಡು, ಕನ್ನಡಕ ಹಣೆಗೆ ಏರಿಸಿ, "ಇದು ಸಣ್ಣಪುಟ್ಟದಕ್ಕೆ ಬಗ್ಗೋ ಆಸಾಮಿ ಅಲ್ಲ ಮೇಡಂ" ಅಂದ್ರಿ. ನೆನಪಿದೆಯಾ? ನನಗಿದೆ.

ಮೊದಲು ಬೆರಳುದ್ದದ್ದು ಕೊಟ್ರಿ, ಸಾಲದಿದ್ರೆ ವಾಪಸ್ ತನ್ನಿ ಅಂದ್ರಿ. ಸಾಲಲಿಲ್ಲ. ಆಮೇಲೆ ಸೋಪಿನ ಡಬ್ಬಿಯಷ್ಟು ದೊಡ್ಡದು, ಬ್ಯಾಟರಿಯದು. ಅದೂ ಸಾಲಲಿಲ್ಲ. ಮೂರನೆಯದು ಆ ಗಾಜಿನ ಕೊಳವೆಯದು, ದೀಪದ ಹಾಗೆ ಹೊಳೀತಿತ್ತಲ್ಲ, ಅದು. ನಮ್ಮ ಬೆಕ್ಕು ದಿನಾ ಬಂದು ಅದಕ್ಕೆ ಒತ್ತಿಕೊಂಡು ಮಲಗ್ತಿತ್ತು, ಬೆಚ್ಚಗಿರುತ್ತೆ ಅಂತ. ಬೆಕ್ಕಿಗೆ ಸಾಕಾಯ್ತು, ನನಗೆ ಸಾಲಲಿಲ್ಲ. ಈಗ ಇದು…

ಅದೇನದು ತೆಗೀತಿದ್ದೀರಿ? ಅಯ್ಯೋ, ಇನ್ನೂ ದೊಡ್ಡದಾದ್ರೆ ನಾನು ಹೊರಲಾರೆ… ಓ. ಸಣ್ಣ ಪೆಟ್ಟಿಗೆ. ಹೆಡ್‌ಫೋನಾ? ಹಗುರ ಇದೆ. ಇದಕ್ಕೆ ಯಾವ ಆಂಪು? …ಆಂಪೇ ಬೇಡವಾ?

ಅಂದ್ರೆ ಫೋನಿಗೆ ಚುಚ್ಚಿದ್ರೆ ಸಾಕು. ನನ್ನದು ನಿಮಗೆ, ಇದು ನನಗೆ. ಆಮೇಲೆ… ಆಮೇಲೆ ಏನೂ ಇಲ್ಲ. ಇಲ್ಲಿಗೆ ಬರೋ ಕೆಲಸವೇ ಇಲ್ಲ. ಬಸ್ಸು ಹತ್ತೋದು, ಹೊರೋದು, ಯಾವ ರಗಳೆಯೂ ಇಲ್ಲ. ಒಳ್ಳೇದೇ ಆಯ್ತಲ್ಲ. ತುಂಬಾ ಒಳ್ಳೇದು…

ಬೇಡ ಸಾರ್.

ಬೇಡ ಅಂದ್ರೆ… ಬಣ್ಣ. ಬಣ್ಣ ನನಗೆ ಹಿಡಿಸಲಿಲ್ಲ. ಕಪ್ಪು ಅಂತ ಗೊತ್ತು, ನನ್ನದೂ ಕಪ್ಪೇ, ಆದ್ರೆ ಅದು ಬೇರೆ ಕಪ್ಪು. ಮತ್ತೆ ಅಕ್ಕನ ಮಗಳು ಪ್ರೀತಿಯಿಂದ ಕೊಟ್ಟದ್ದು, ಅದನ್ನ ಮಾರಿಬಿಟ್ಟೆ ಅಂದ್ರೆ ಬೇಜಾರು ಮಾಡ್ಕೋತಾಳೆ. ಮತ್ತೆ… ಇನ್ನೂ ಒಂದು ಕಾರಣ ಇತ್ತು, ಮರೆತುಹೋಯ್ತು. ಒಂದೇ ಒಂದು ಆಂಪ್ ಇನ್ನು ನೋಡೋಣ ಸಾರ್. ಒಂದೇ. ಅದೂ ಆಗಲಿಲ್ಲ ಅಂದ್ರೆ ಆಗ ನೋಡೋಣ. ಏನು? ಅಂಗಡಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ವಾ? ಒಂದೂ? ಆ ಮೇಲಿನ ಸಾಲಲ್ಲಿ… ಅದು ಗಡಿಯಾರ. ಸರಿ ಸರಿ, ಕಾಣಿಸ್ತು.

ಶನಿವಾರ ಮಾತ್ರ ಯಾಕೆ ಬರ್ತೀನಿ ಅಂತಾನಾ? ಶನಿವಾರ ಅರ್ಧ ದಿನಕ್ಕೇ ಬಿಡ್ತಾರಲ್ಲ, ಅದಕ್ಕೆ… ಬಸ್ಸು. ಮಧ್ಯಾಹ್ನ ಬಸ್ಸು ಬಿಡ್ತಾರೆ. ಜಾಸ್ತಿ. ಮನೆಯಲ್ಲಿ ಕೂತಿರೋ ಹೆಂಗಸು ನಾನು, ನನಗೆ ಸೋಮವಾರ ಏನು, ಶನಿವಾರ ಏನು. ಫ್ಯೂಸ್ ಹೋದ್ರೆ ಪಕ್ಕದ ಮನೆಯವರನ್ನ ಕೂಗ್ತೀನಿ. ಮೊದಲ ದಿನವೇ ಹೇಳಿದ್ದೆನಲ್ಲ, ಈ ಕರೆಂಟಿನ ವಿಷಯ ನನ್ನ ತಲೆಗೆ ಹೋಗೋದೇ ಇಲ್ಲ ಅಂತ.

ಹೋದ ವಾರ ಆ ಹುಡುಗಿ? ಯಾವ ಹುಡುಗಿ? ಓ, ಚಾರ್ಜರ್ ಕೊಳ್ಳೋಕೆ ಬಂದಿದ್ದವಳಾ? ನನ್ನನ್ನ ನೋಡಿ "ಮಿಸ್" ಅಂತ ನೆಟ್ಟಗೆ ನಿಂತುಬಿಟ್ಲಲ್ಲ, ಅವಳು ಯಾರನ್ನೋ ನೋಡಿ ನಾನು ಅಂದ್ಕೊಂಡ್ಲು. ಅಲ್ಲ, ನನ್ನನ್ನ ನೋಡಿ ಯಾರೋ ಅಂದ್ಕೊಂಡ್ಲು. ಆಗುತ್ತೆ ಸಾರ್, ನನ್ನ ಮುಖವೇ ಹಾಗೆ, ಎಲ್ಲರ ಹಾಗಿದೆ. ಬಾಯಲ್ಲಿದ್ದ ಚೂಯಿಂಗ್ ಗಮ್ ಯಾಕೆ ನುಂಗಿದ್ಲೋ ನನಗೇನು ಗೊತ್ತು?

ಅದಿರಲಿ. ಆ ಟ್ಯಾಂಕಿನ ಚಿತ್ರ ಇದೆಯಲ್ಲ, ರಟ್ಟಿನ ಹಿಂದೆ ಬರೆದು ತೋರಿಸಿದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ. ಅದು ಪೂರ್ತಿ ಅರ್ಥವಾದ್ರೆ ನನ್ನ ಹೆಡ್‌ಫೋನಿಗೆ ಯಾವುದು ಸರಿ ಅಂತ ಗೊತ್ತಾಗಬಹುದು. ಮೇಲೆ ಟ್ಯಾಂಕು, ಕೆಳಗೆ ಕೊಳವೆ, ಕೊಳವೆ ಸಣ್ಣದು. ನೀರು ಸಲೀಸಾಗಿ ಬರಲ್ಲ, ಆದ್ರಿಂದ ಟ್ಯಾಂಕು ಎತ್ತರಕ್ಕಿಡಬೇಕು. ಸರಿ ತಾನೇ? ಹಾಗೇ ಇದೂ, ಮುನ್ನೂರು ಓಮ್ ಅಂದ್ಮೇಲೆ ಕರೆಂಟು ಹರಿಯೋದು ಕಡಿಮೆ, ಅದಕ್ಕೆ ವೋಲ್ಟೇಜೇ ಜಾಸ್ತಿ ಕೊಡಬೇಕು, ಫೋನಲ್ಲಿ ಬರೋ ಒಂದು ವೋಲ್ಟಿಗೆ ಮೂರು ಮಿಲಿವಾಟ್ ಚಿಲ್ಲರೆ ಸಿಕ್ಕಿದ್ರೆ ಹೆಚ್ಚು, ಯಾಕಂದ್ರೆ ವೋಲ್ಟೇಜಿನ ವರ್ಗವನ್ನ…

ಏನು? ಯಾಕೆ ಹಾಗೆ ನೋಡ್ತೀರಿ? ನೀವೇ ಹೇಳಿದ್ದಲ್ವಾ ಇದು? ಹೇಳಿರಲಿಲ್ವಾ? ಹಾಗಾದ್ರೆ ಪೆಟ್ಟಿಗೆ ಮೇಲೆ ಬರೆದಿತ್ತು. ಸಣ್ಣ ಅಕ್ಷರದಲ್ಲಿ.

ನೋಡಿ, ಆ ಆಂಪನ್ನ ಯಾಕೆ ತಿರುಗಿಸ್ತೀರಿ ಈಗ? ಹಿಂಬದಿ ನಿಮ್ಮ ಕಡೆಗೆ ಮಾಡ್ಕೊಂಡು ಏನು ನೋಡ್ತೀರಿ? ವೈರು ಚುಚ್ಚೋ ತೂತು ನಾಲ್ಕು, ಇನ್ನೇನಿರುತ್ತೆ ಅಲ್ಲಿ. ಆ ಸ್ವಿಚ್ಚನ್ನ ನಾನು ಮುಟ್ಟೇ ಇಲ್ಲ ಸಾರ್. ಅಷ್ಟು ಸಣ್ಣದು, ಯಾರಿಗೆ ಕಾಣುತ್ತೆ? ಮೇಲೆ ತಳ್ಳಿದ್ರೆ ಇಂಥ ಹೊಟ್ಟೆಬಾಕನಿಗೆ ಸಾಕಾಗುವಷ್ಟು ಜೋರು, ಕೆಳಗೆ ತಳ್ಳಿದ್ರೆ ಸಣ್ಣ ಹೆಡ್‌ಫೋನಿಗೆ ಬೇಕಾದಷ್ಟು ಮೆಲ್ಲಗೆ. ಕೆಳಗಿದೆ ತಾನೇ? ಬರುವಾಗಲೇ ಕೆಳಗಿತ್ತೇನೋ. ಕಾರ್ಖಾನೆಯಲ್ಲೇ…

ಸಾರ್?

ನೀವು ಸ್ವಿಚ್ಚಿನ ಮಾತೇ ಎತ್ತಲಿಲ್ಲ ಅಲ್ವಾ. ಹಿಂಬದಿ ನಿಮ್ಮ ಕಡೆಗಿದೆ. ನನಗೆ ಇಲ್ಲಿಂದ ಕಾಣೋದು ಗುಂಡಿ ಒಂದೇ…

ಏನಾದ್ರೂ ಹೇಳಿ. ಬೈಯಿರಿ ಬೇಕಾದ್ರೆ. ಹೀಗೆ ಸುಮ್ನೆ ಕೂರಬೇಡಿ ಸಾರ್, ನೀವು ಸುಮ್ನಿದ್ರೆ ನಾನು ಮಾತಾಡ್ತೀನಿ, ನಾನು ಮಾತಾಡಿದ್ರೆ ಎಲ್ಲಾ ಕೆಡುತ್ತೆ…

…

ಆಯ್ತು. ನಾನೇ ತಳ್ಳಿದ್ದು. ಮನೆಯಲ್ಲಿ ಮೇಲೆ ಇಟ್ಕೊಂಡು ಕೇಳ್ತೀನಿ, ಇಲ್ಲಿಗೆ ಹೊರಡೋ ಮುಂಚೆ ಕೆಳಗೆ ಮಾಡ್ತೀನಿ. ಮೊದಲನೆಯದು ನಿಜವಾಗಿಯೂ ಸಾಲಲಿಲ್ಲ, ದೇವರಾಣೆಗೂ ನಿಜ. ಎರಡನೆಯದು ಸಾಕಾಗಿತ್ತು. ಮೂರನೆಯದು… ಅದರಲ್ಲಿ ಹಾಡೋರು ಉಸಿರು ಎಳ್ಕೊಳ್ಳೋದು ಕೂಡ ಕೇಳಿಸ್ತಿತ್ತು ಸಾರ್, ನನಗೆ ಕಣ್ಣಲ್ಲಿ ನೀರು ಬಂತು. ಅದನ್ನ ವಾಪಸ್ ತರುವಾಗ ಎರಡು ಸಲ ಗೇಟಿಂದ ಹಿಂದಕ್ಕೆ ಹೋದೆ. ಬೆಕ್ಕು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಹೈಸ್ಕೂಲಲ್ಲಿ ಭೌತಶಾಸ್ತ್ರ ಹೇಳಿಕೊಡ್ತೀನಿ. ಇಪ್ಪತ್ತಾರು ವರ್ಷ ಆಯ್ತು. ಆ ಹುಡುಗಿ ನನ್ನ ಶಿಷ್ಯೆಯೇ. ಗಮ್ ನುಂಗೋದು ಅವಳ ಹಳೇ ಅಭ್ಯಾಸ.

ಯಾಕೆ ಅಂತ ನೀವು ಕೇಳಲ್ಲ, ಆದ್ರೂ ಹೇಳ್ತೀನಿ, ಹೇಳದೇ ಇರೋಕೆ ನನಗೆ ಬರಲ್ಲ. ಇಪ್ಪತ್ತಾರು ವರ್ಷದಿಂದ ನಾನೇ ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳ್ತಾ ಇದ್ದೀನಿ. ತರಗತಿಯಲ್ಲಿ ಮಕ್ಕಳಿಗೆ, ಸ್ಟಾಫ್ ರೂಮಲ್ಲಿ ಹೊಸಬರಿಗೆ, ಮನೆಯಲ್ಲಿ ಅಕ್ಕನಿಗೆ, ಭಾವನಿಗೆ. ಒಂದು ಬಲ್ಬು ಹೋದ್ರೂ "ಅವಳನ್ನ ಕೇಳಿ". ನನ್ನನ್ನ ಕೂರಿಸಿ, ಇದು ಹೀಗೆ, ಇದು ಹೀಗೆ ಅಂತ ಯಾರೂ ಏನೂ ಹೇಳಿಲ್ಲ ಸಾರ್. ನೀವು ಪೆನ್ಸಿಲ್ ಚೂಪು ಮಾಡ್ಕೊಂಡು ಟ್ಯಾಂಕು ಬರೆದ್ರಿ. "ಅವಸರ ಇಲ್ಲ, ನಿಧಾನಕ್ಕೆ ಅರ್ಥವಾಗುತ್ತೆ" ಅಂದ್ರಿ. ಬಾಣ ಉಲ್ಟಾ ಹಾಕಿದ್ರಿ, ನೀರು ಕೊಳವೆಯಿಂದ ಟ್ಯಾಂಕಿಗೆ ಹತ್ತುತ್ತಿತ್ತು. ನಾನು ನಾಲಿಗೆ ಕಚ್ಚಿ ಹಿಡ್ಕೊಂಡು, ತಲೆಯಾಡಿಸಿಕೊಂಡು ಕೂತೆ. ನಾನು ಮಿಸ್ ಅಂತ ಗೊತ್ತಾಗಿದ್ರೆ ನೀವೂ ನೆಟ್ಟಗೆ ನಿಂತುಬಿಡ್ತಿದ್ರಿ. ಪೆನ್ಸಿಲ್ ನನ್ನ ಕೈಗೆ ಕೊಡ್ತಿದ್ರಿ.

ಅದನ್ನ ಯಾಕೆ ಒರೆಸ್ತಿದ್ದೀರಿ ಈಗ?

ತಡೀರಿ. ತಡೀರಿ… ವಾಪಸ್ ಬಂದದ್ದನ್ನೆಲ್ಲ ನೀವು ಒರೆಸಿ, ತಿರುಗಿಸಿ ನೋಡಿಯೇ ಒಳಗಿಡೋದು. ನನ್ನೆದುರೇ ಮಾಡಿದ್ದೀರಿ. ಎರಡನೆಯದರಲ್ಲೂ ಸ್ವಿಚ್ಚಿತ್ತು, ಮೂರನೆಯದರಲ್ಲೂ ಇತ್ತು. ಎರಡೂ ಕೆಳಗಿತ್ತು. ಅದು ನಿಮ್ಮ ಕಣ್ಣಿಗೆ ಬೀಳದೇ ಇರುತ್ತಾ? "ಇದನ್ನೊಂಚೂರು ಮೇಲೆ ತಳ್ಳಿ ಮೇಡಂ" ಅಂದಿದ್ರೆ ಅವತ್ತೇ ಮುಗೀತಿತ್ತಲ್ಲ! ಅನ್ನಲಿಲ್ಲ. ಅದರ ಬದಲು ಮೂರನೆಯದು ಕೊಟ್ರಿ. ಆಮೇಲೆ ಈ ಕಬ್ಬಿಣ ಕೊಟ್ರಿ. ಈಗ ಅಂಗಡಿಯಲ್ಲಿ ಕೊಡೋಕೆ ಬೇರೆ ಆಂಪೇ ಉಳಿದಿಲ್ಲ ಅಂತ ಆ ಸಣ್ಣ ಹೆಡ್‌ಫೋನು ತೆಗೆದ್ರಾ…

ಎಲ್ಲಿಗೆ ಎದ್ರಿ? ಆ ಸಣ್ಣದನ್ನ ಕಟ್ಟಿ ಕೊಡ್ತೀರಾ? ನನಗೆ ಬೇಡ, ಈ ಕಬ್ಬಿಣವೇ ಇರಲಿ ಸಾರ್, ಇದು ತುಂಬಾ ಚೆನ್ನಾಗಿ ಕೇಳಿಸುತ್ತೆ, ಸ್ವಿಚ್ಚು ಮೇಲಿದ್ರೆ…

ಅರೆ. ಕೌಂಟರಿನ ಹಲಗೆ ಮಡಚಿಕೊಳ್ಳುತ್ತಾ? ಹೀಗೆ ಎತ್ತಿದ್ರೆ ದಾರಿ ಬಿಡುತ್ತಾ? ಆ ಕುರ್ಚಿ ಮೇಲಿನ ವೈರೆಲ್ಲ ಯಾಕೆ ತೆಗೀತಿದ್ದೀರಿ… ನಾನಾ? ಒಳಗೆ ಬಂದು ಕೂರಬೇಕಾ?

ಇದು ಮಾತ್ರ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಸಾರ್.