ಆರು ಗಂಟೆಯ ತರಬೇತಿಗೆ ಎಷ್ಟು ಖರ್ಚು

ವೇದಿಕೆಯ ಮೇಲಿರುವ ಪ್ಲಮ್ ಹಾಲೋ ತುರ್ತು ಸೇವಾ ಮಂಡಳಿಯ ಅಧ್ಯಕ್ಷರಾದ ಲಾನಿ ಪುಸ್ಟ್ಕಾ ಅವರೇ, ಅಗ್ನಿಶಾಮಕ ದಳದ ಮುಖ್ಯಸ್ಥರೇ, ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿ ನಮಗೆಲ್ಲ ಮಾಂಸ ಬೇಯಿಸಿದ ಸ್ವಯಂಸೇವಕರೇ, ಅವರ ಹೊಗೆ ವಾಸನೆಯ ಬಟ್ಟೆ ಒಗೆಯುವ ಮನೆಯವರೇ, ಹಾಗೂ ಊಟ ಮುಗಿದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಹದಿನೈದು ವರ್ಷ ಮಂಡಳಿಯಲ್ಲಿದ್ದು ಈ ತಿಂಗಳು ಬಿಡುತ್ತಿರುವ ಅಲ್ಬಿನಾ ಕುಬಾಲಾ ಎಂಬ ಮುದುಕಿಗೆ ನೀವು ಸನ್ಮಾನ ಮಾಡಿದ್ದೀರಿ. ಫಲಕದ ಮೇಲೆ ನನ್ನ ಹೆಸರನ್ನು ಸರಿಯಾಗಿಯೇ ಕೆತ್ತಿಸಿದ್ದೀರಿ. ತುಂಬಾ ಸಂತೋಷ. ಈಗಷ್ಟೇ ಲಾನಿ ನನ್ನ ಕಿವಿಯಲ್ಲಿ, "ಎರಡೇ ಮಾತು, ಅಲ್ಬಿನಾ. ಥ್ಯಾಂಕ್ಸ್ ಹೇಳಿ ಕೂತ್ಕೋ. ಜನ ಪೈ ತಿನ್ಬೇಕು," ಎಂದ. ಲಾನಿ, ನೀನು ನಲವತ್ತು ವರ್ಷದಿಂದ ನನ್ನನ್ನು ಬಲ್ಲೆ. ಎರಡು ಮಾತಿಗೆ ನಾನು ಎಂದಾದರೂ ನಿಲ್ಲಿಸಿದ್ದುಂಟೇ? ಪೈ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಇವತ್ತು ಮಾತನಾಡಬೇಕೆಂದಿರುವುದು ಗೇಲನ್ ವಾಸ್ ಅವರ ಅರ್ಜಿಯ ಬಗ್ಗೆ. ಗೇಲನ್ ಮೂರನೆಯ ಮೇಜಿನಲ್ಲಿ ಕುಳಿತಿದ್ದಾನೆ, ತಲೆ ತಗ್ಗಿಸಬೇಡಪ್ಪಾ. ಅವನ ಮೇವಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಎರಡು ತಿಂಗಳಿಂದ ಒಂದು ಕಾಗದವಿದೆ. ಕೋಳಿಗೆ ಕಾಳು ತರಲು ಹೋದವರೆಲ್ಲ ಅದಕ್ಕೆ ಸಹಿ ಹಾಕಿದ್ದೀರಿ. ಇನ್ನೂರ ಹನ್ನೆರಡು ಸಹಿ. ಮಂಡಳಿಯ ಐದು ಜನ ಸದಸ್ಯರನ್ನು ಕಾನೂನು ನಿಯಮಗಳ ತರಬೇತಿಗೆಂದು ಸ್ಯಾನ್ ಆಂಟೋನಿಯೊಗೆ ಕಳಿಸುವುದು ತೆರಿಗೆ ಹಣದಲ್ಲಿ ಮಾಡುವ ಮೋಜಿನ ಪ್ರವಾಸ, ಅದನ್ನು ನಿಲ್ಲಿಸಿ ಎಂದು ಅದರಲ್ಲಿ ಬರೆದಿದೆ. ಸೋಮವಾರ ಮಂಡಳಿ ಇದನ್ನು ಮತಕ್ಕೆ ಹಾಕುತ್ತದೆ. ಈಗಿನ ಸದಸ್ಯರಲ್ಲಿ ಮೂವರು ಹೊಸಬರು. ತರಬೇತಿಯ ಬಾಗಿಲನ್ನೇ ನೋಡದವರು.

ಖರ್ಚೆಷ್ಟು? ಕೇಳುವುದು ನಿಮ್ಮ ಹಕ್ಕು. ಶುಲ್ಕ, ಎರಡು ರಾತ್ರಿಯ ಹೋಟೆಲು, ಪೆಟ್ರೋಲು, ಊಟ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರದ ಎಂಟುನೂರು ಡಾಲರು. ಮನೆಯೊಂದಕ್ಕೆ ಎರಡು ಡಾಲರು ಚಿಲ್ಲರೆ. ಹೋಟೆಲಿನಲ್ಲಿ ಈಜುಕೊಳವಿದೆ ಎಂಬುದನ್ನು ಗೇಲನ್ ಎರಡು ಗೆರೆ ಎಳೆದು ಬರೆದಿದ್ದಾನೆ. ಇದೆ, ನಿಜ. ಎಪ್ಪತ್ತನಾಲ್ಕರ ಅಲ್ಬಿನಾ ಈಜುಡುಗೆ ತೊಟ್ಟು ಅದರಲ್ಲಿ ಇಳಿದರೆ, ಅದನ್ನು ನೋಡಿದವರಿಗೆ ಪರಿಹಾರ ಕೊಡಬೇಕಾಗುತ್ತದೆಯೇ ಹೊರತು ಮೋಜು ಯಾರಿಗೂ ಇಲ್ಲ.

ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ವೀಡಿಯೊ ನೋಡಲಿ ಎಂದೂ ಕೆಲವರು ಹೇಳುತ್ತೀರಿ. ನಮ್ಮ ಓಟ್ಟೊ ಡ್ರೇಯರ್ ಹಾಗೆ ಒಮ್ಮೆ ನೋಡಿದ. ವೀಡಿಯೊದ ಸದ್ದು ಅಡಗಿಸಿ, ಪಕ್ಕದ ಟೀವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡು. ಏನು ಕಲಿತೆ ಎಂದು ಕೇಳಿದರೆ, "ನಮ್ಮೋರು ಸೋತ್ರು ಕಣೇ," ಎಂದ.

ನಗಿರಿ, ನಗಿರಿ. ನಾನೂ ಹಾಗೆಯೇ ನಕ್ಕವಳು. ಮಂಡಳಿಗೆ ಸೇರಿದ ಮೊದಲ ವರ್ಷವೇ ನಾನು ತರಬೇತಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ನನ್ನ ಅಪ್ಪ ಬಕೆಟ್ಟಿನಲ್ಲಿ ನೀರು ಹೊತ್ತು ಈ ಊರಿನ ಬೆಂಕಿ ಆರಿಸಿದವನು, ಅವನ ಮಗಳಿಗೆ ಪಟ್ಟಣದವರು ಏನು ಕಲಿಸುತ್ತಾರೆ ಎಂದು ಇದೇ ವಾರ್ಷಿಕ ಊಟದಲ್ಲಿ, ಇದೇ ಮೈಕಿನ ಮುಂದೆ ಹೇಳಿದೆ. ನನ್ನ ಪಾಲಿನ ಒಂಬೈನೂರು ಡಾಲರು ಉಳಿಸಿದ್ದಕ್ಕೆ ನೀವು ಎದ್ದು ನಿಂತು ಚಪ್ಪಾಳೆ ಹೊಡೆದಿರಿ. ನನಗೆ ಕೋಡು ಮೂಡಿತು. ಮುಂದಿನ ವರ್ಷವೂ ಹೋಗಲಿಲ್ಲ, ಅದರ ಮುಂದಿನ ವರ್ಷವೂ ಹೋಗಲಿಲ್ಲ. ಅಷ್ಟರಲ್ಲಿ ನನ್ನನ್ನೇ ಅಧ್ಯಕ್ಷೆ ಮಾಡಿದಿರಿ.

ನಮ್ಮ ಪದ್ಧತಿ ನಿಮಗೆ ಗೊತ್ತು. ಗುರುವಾರ ಸಂಜೆ ಊರಿನ ಲಾಡ್ಜ್ ಸಂಘದ ಹಾಲಿನಲ್ಲಿ ಡೊಮಿನೊ, ಅದರಲ್ಲೂ 'ನಲವತ್ತೆರಡು' ಎಂಬ ಆಟ. ಆಟಕ್ಕೆ ನಾಲ್ವರು ಬೇಕು. ಓಟ್ಟೊ, ಲಾನಿ, ತೀರಿಹೋದ ಎಮಿಲ್ ವ್ರಾನಾ, ನಾನು. ನಾಲ್ವರೂ ಮಂಡಳಿಯವರು. ಐವರ ಮಂಡಳಿಯಲ್ಲಿ ನಾಲ್ವರು ಒಂದೇ ಮೇಜಿನಲ್ಲಿ ಕುಳಿತರೆ ಡೊಮಿನೊ ಬಿಟ್ಟು ಬೇರೇನೂ ಮಾತನಾಡುವುದಿಲ್ಲವೇ? ಹನ್ನೊಂದು ವರ್ಷದ ಹಿಂದೆ ನಮಗೆ ಆಂಬ್ಯುಲೆನ್ಸ್ ಒದಗಿಸುತ್ತಿದ್ದ ಕಂಪನಿಯ ಒಪ್ಪಂದ ಜೂನ್ ಕೊನೆಗೆ ಮುಗಿಯುತ್ತಿತ್ತು. ನಮ್ಮದೇ ಗಾಡಿ ಕೊಳ್ಳಬೇಕಿತ್ತು. ಯಾರಿಂದ ಕೊಳ್ಳುವುದೆಂದು ಆ ಮೇಜಿನಲ್ಲೇ ತೀರ್ಮಾನವಾಯಿತು. ಎಮಿಲ್ ಡೊಮಿನೊ ಬಿಲ್ಲೆ ಕಲಸುತ್ತಾ, "ಎಲ್ಲಾರ್ಗೂ ಒಪ್ಗೇನಾ? ಹಾಗಿದ್ರೆ ಮುಗೀತು, ಆಟ ಹಾಕಿ," ಎಂದ. ಮುಂದಿನ ವಾರದ ಸಭೆ ಬರೀ ಸಹಿಗೆ. ಐದು ನಿಮಿಷವೂ ಹಿಡಿಯಲಿಲ್ಲ.

ಮುಂದಿನದ್ದು ನಿಮಗೆ ಗೊತ್ತು. ಸಭೆಯ ನೋಟಿಸನ್ನು ಮೂರು ದಿನ ಮೊದಲೇ ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಅಂಟಿಸಬೇಕು. ಅಂಟಿಸಿರಲಿಲ್ಲ. ಗುತ್ತಿಗೆ ಸಿಗದ ಇನ್ನೊಬ್ಬ ವ್ಯಾಪಾರಿ ಕೋರ್ಟಿಗೆ ಹೋದ. ಮುಚ್ಚಿದ ಬಾಗಿಲ ಹಿಂದೆ ಮಾಡಿದ ತೀರ್ಮಾನ ತೀರ್ಮಾನವೇ ಅಲ್ಲ ಎಂದರು ಜಡ್ಜ್. ವಕೀಲರಿಗೆ ಮೂವತ್ತೆಂಟು ಸಾವಿರ ಡಾಲರು ಕೊಟ್ಟೆವು. ಗೇಲನ್, ಹೆಚ್ಚುಕಡಿಮೆ ಎಂಟು ವರ್ಷದ ತರಬೇತಿ ಅದರಲ್ಲಿ ಮುಗಿಯುತ್ತಿತ್ತು. ಹೊಸ ಆಂಬ್ಯುಲೆನ್ಸ್ ಬೇಸಿಗೆಯಿಡೀ ಮಾರುವವನ ಅಂಗಳದಲ್ಲೇ ನಿಂತಿತು.

ಆಗಸ್ಟ್ ಒಂಬತ್ತರಂದು ನನ್ನ ಗಂಡ ರೂಡಿ ಟ್ರ್ಯಾಕ್ಟರಿನಿಂದ ಇಳಿದು ಕೊಟ್ಟಿಗೆಯ ನೆರಳಿಗೆ ಬಂದ. "ಎದೆ ಒಂಥರಾ ಆಗ್ತಿದೆ ಕಣೆ, ಸ್ವಲ್ಪ ಕೂತ್ಕೋತೀನಿ," ಎಂದ. ಕುಳಿತವನು ವಾಲಿದ. ಆಂಬ್ಯುಲೆನ್ಸ್ ಪಕ್ಕದ ಕೌಂಟಿಯಿಂದ ಬರಬೇಕಾಯಿತು. ಐವತ್ತೊಂದು ನಿಮಿಷ. ಅಷ್ಟು ಹೊತ್ತೂ ನಾನು ಅವನ ಎದೆ ಒತ್ತಿದೆ. ಕೈ ಸೋತಾಗ ಮೊಣಕೈಯಿಂದ ಒತ್ತಿದೆ. ಅವನನ್ನು ಬೈದೆ ಕೂಡ, ಏಳು ಅಂದರೆ ಏಳಬೇಕು ಅಂತ. ನನ್ನ ಮಾತಿಗೆ ಅವನು ಇಲ್ಲ ಎಂದದ್ದು ಅದೊಂದೇ ಸಲ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ತರಬೇತಿಯ ವಿಷಯಕ್ಕೆ ಬರುತ್ತೇನೆ.

ಮುಂದಿನ ಫೆಬ್ರವರಿಯಲ್ಲಿ ಹೋದೆ. ಮನೆ ಬೆಂದ ಮೇಲೆ ಬಾವಿ ತೋಡಲು ಹೋದೆ ಎನ್ನಿ. ಪಾಠ ಮಾಡುವವಳು ನನ್ನ ಮಗಳ ವಯಸ್ಸಿನವಳು. ಮೊದಲ ಗಂಟೆಯಲ್ಲೇ ಹೇಳಿದಳು: "ಐವರಲ್ಲಿ ಮೂವರು ಕಾಫಿ ಕುಡೀತಾ ಮಂಡಳಿ ವಿಷ್ಯ ಮಾತಾಡಿದ್ರೆ ಅದೂ ಸಭೇನೇ. ನೋಟಿಸ್ ಇಲ್ದೆ ಮಾತಾಡ್ಬೇಡಿ. ನೋಟಿಸನ್ನ ಯಾರು ಓದ್ತಾರೆ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ." ಇಡೀ ಕೋಣೆ ನಕ್ಕಿತು. ನಾನು ಎದ್ದು ಹೊರಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಏಕೆಂದರೆ ನಾನು ಹೇಳಿದ್ದು ಅದೇ ಮಾತು. ಅಕ್ಷರಕ್ಕೆ ಅಕ್ಷರ ಅದೇ ಮಾತು.

ಹೇಳಿದ್ದು ಯಾರಿಗೆ? ಸಭಿಕರೇ, ಇಲ್ಲಿಯವರೆಗೆ ಬಂದಮೇಲೆ ಇನ್ನು ನುಂಗುವುದು ಆಗುವುದಿಲ್ಲ. ವರ್ಲೀನ್ ಟಿಬ್ಸ್‌ಗೆ. ನಮ್ಮ ಆಗಿನ ಕಾರ್ಯದರ್ಶಿ. ಆ ಸಭೆಯ ವಾರದ ಸೋಮವಾರ ಬೆಳಿಗ್ಗೆ ಅವಳು ಫೋನ್ ಮಾಡಿದಳು. ನಾನು ಪೀಚ್ ಹಣ್ಣು ಬಾಟಲಿಗೆ ತುಂಬುತ್ತಿದ್ದೆ, ಕೈಯೆಲ್ಲ ಅಂಟು.

"ಮಿಸ್ ಅಲ್ಬಿನಾ, ನೋಟಿಸ್ ಟೈಪ್ ಮಾಡಿಟ್ಟಿದ್ದೀನಿ. ನಿಮ್ಮ ಸಹಿ ಆದ್ರೆ ಈಗ್ಲೇ ಅಂಟಿಸ್ಬಿಡ್ತೀನಿ."

"ಅಯ್ಯೋ, ನೋಟಿಸನ್ನ ಯಾರು ಓದ್ತಾರೆ ಮಾರಾಯ್ತಿ? ಎಲ್ಲಾರ್ಗೂ ಗೊತ್ತಿರೋ ವಿಷ್ಯ. ಬಿಡು ಅತ್ಲಾಗೆ."

"ಮೂರು ದಿನ ಮೊದ್ಲು ಹಾಕ್ಬೇಕಂತೆ ಕಣ್ರೀ."

"ಅಧ್ಯಕ್ಷೆ ಯಾರು, ನೀನೋ ನಾನೋ?"

ಅವಳು ಫೋನ್ ಇಟ್ಟಳು. ಕೋರ್ಟಿಗೆ ಕೊಡುವ ಕಾಗದದಲ್ಲಿ ವಕೀಲರು 'ಕಾರ್ಯದರ್ಶಿ ನೋಟಿಸ್ ಅಂಟಿಸಲು ಮರೆತರು' ಎಂದು ಬರೆದು ನನ್ನ ಮುಂದಿಟ್ಟರು. ನಾನು ಓದಿದೆ. ಓದಿಯೇ ಸಹಿ ಹಾಕಿದೆ. ವರ್ಲೀನ್ ಒಂದು ಮಾತೂ ಎದುರಾಡದೆ ಕೆಲಸ ಬಿಟ್ಟಳು. ಬಾಯಿ ಬಿಟ್ಟಿದ್ದರೂ ಅವಳ ಮಾತನ್ನು ನೀವು ನಂಬುತ್ತಿದ್ದಿರೋ, ನನ್ನ ಮಾತನ್ನೋ? ರೂಡಿಯ ಮಣ್ಣಾದ ದಿನ ಅವಳು ಬಟ್ಟೆ ಮುಚ್ಚಿದ ಅಡುಗೆಯ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದಳು. ನನ್ನ ನಾದಿನಿ ಬಾಗಿಲಲ್ಲೇ ತಡೆದು, "ಕೊಂದಿದ್ದು ಸಾಲ್ದು ಅಂತ ಊಟಾನೂ ತಂದ್ಯಾ?" ಎಂದಳು. ನಾನು ಒಳಗಿನ ಕುರ್ಚಿಯಲ್ಲಿದ್ದೆ. ಕೇಳಿಸಿಕೊಂಡೆ. ಏಳಲಿಲ್ಲ.

ಹನ್ನೊಂದು ವರ್ಷ ನೀವು ಅವಳನ್ನು ಆ ಕಣ್ಣಿನಿಂದ ನೋಡಿದಿರಿ, ನಾನು ನೋಡಗೊಟ್ಟೆ. ಗಂಡನನ್ನು ಕಳೆದುಕೊಂಡವಳೆಂದು ನನಗೆ ಕರುಣೆ ತೋರಿಸಿದಿರಿ, ನಾನು ಆ ಕರುಣೆಯನ್ನು ಉಂಡೆ. ಮರೆತವಳು ಅವಳಲ್ಲ. ಬೇಡ ಎಂದವಳು ನಾನು. ಇದನ್ನು ಬರೆದು, ಸಹಿ ಹಾಕಿ, ಇವತ್ತು ಮಧ್ಯಾಹ್ನ ಮಂಡಳಿಯ ಕಚೇರಿಗೆ ಕೊಡುವ ಧೈರ್ಯ ನನಗಿರಲಿಲ್ಲ. ನಾಳೆ ಕೊಡುತ್ತೇನೆ. ನೀವೆಲ್ಲ ಕೇಳಿಸಿಕೊಂಡ ಮೇಲೆ ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಆದ್ದರಿಂದ ಗೇಲನ್, ಖರ್ಚು ಎಷ್ಟೆಂದು ನೀನು ಕೇಳಿದ್ದು ಸರಿ. ಸೋಮವಾರ ಏಳು ಗಂಟೆಗೆ ನಾನು ಮಂಡಳಿಯ ಮುಂದೆ ನಿಂತು ಇದಿಷ್ಟನ್ನೂ ಮತ್ತೆ ಹೇಳುತ್ತೇನೆ. ಅದನ್ನು ಕೇಳಿದ ಮೇಲೂ ಆ ಮೂವರು ಹೊಸಬರು ಆರು ಗಂಟೆ ಕುಳಿತು ಕಲಿಯುವುದು ದುಬಾರಿ ಎಂದರೆ, ಮುಂದಿನ ತಿಂಗಳು ಮತ್ತೆ ಬಂದು ಹೇಳುತ್ತೇನೆ. ಉಸಿರಿರುವವರೆಗೆ ಹೇಳುತ್ತೇನೆ. ಲಾನಿ, ನಿಲ್ಲಿಸು ಎಂದು ನೀನು ಎಷ್ಟು ಕೆಮ್ಮಿದರೂ ಹೇಳುತ್ತೇನೆ.

ಹಿಂದಿನ ಮೇಜಿನಲ್ಲಿ ಕುಳಿತಿರುವ ವರ್ಲೀನ್, ನಿನ್ನ ಹತ್ತಿರ ಈ ಮಾತನ್ನು ನಾನು ಮೊದಲು ಮನೆಗೆ ಬಂದು ಆಡಬೇಕಿತ್ತು. ಊರೆದುರಿಗೆ ನಿನ್ನ ಹೆಸರು ಕೆಡಿಸಿದವಳು ಊರೆದುರಿಗೇ ತೊಳೆಯಬೇಕು ಎಂದು ಈಗ ತೋಚಿತು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ.

ವರ್ಲೀನ್? ಎದ್ದು ಹೊರಟೆಯಾ? ಇಲ್ಲ, ಅವಳನ್ನು ತಡೆಯಬೇಡಿ. ಹೋಗಲಿ ಬಿಡಿ, ದಾರಿ ಬಿಡಿ ಅವಳಿಗೆ. ಸಭಿಕರೇ, ಊಟ ಕೊಟ್ಟವರಿಗೆ, ಸನ್ಮಾನ ಮಾಡಿದವರಿಗೆ, ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೆ ಉದ್ದವಾಗಿ ವಂದಿಸಬೇಕೆಂದಿದ್ದೆ. ಈಗ ಹೊತ್ತಿಲ್ಲ. ಅವಳು ಕಾರು ಹತ್ತುವುದರೊಳಗೆ ನಾನು ಹೋಗಬೇಕು. ಎಲ್ಲರಿಗೂ ಋಣಿ. ನಮಸ್ಕಾರ.