ರೂಪಾಲಿ ಹಾಡು ಇಟ್ಟ ಜಾಗ

ನಾ ಹುಡಗಿ ಅನ್ನೂ ಊರಿನವ. ಹುಮನಾಬಾದ್ ಸುತ್ತ ಹತ್ತೂರಾಗ ನನ್ನ ಕೈಗೆ ಬಗ್ಗಲಾರದ ಲ್ಯಾಪ್‌ಟಾಪ್ ಇಲ್ಲ. ದೆವ್ವಕ್ಕಂತೂ ನಾ ಅಂಜೂದೇ ಇಲ್ಲ. ಆದರ ಇದು ನಮ್ಮ ಸೋದರತ್ತಿ ಮಗ ಗುರುಶಾಂತನಿಗೆ ಆಗಿದ್ದು. ಖರೇನ ಆಗಿದ್ದು.

ಹೋದ ಕಾರ್ತಿಕದಾಗ ಬಸವಕಲ್ಯಾಣದ ತನ್ನ ರಿಪೇರಿ ಅಂಗಡಿ ಮುಚ್ಚಿ ನಾರಾಯಣಪುರಕ್ಕ ನಡಕೋತ ಹೊಂಟಿದ್ದ. ರಾತ್ರಿ ಹನ್ನೊಂದು. ಆಟೋ ಬಂದ್. ಬೆನ್ನಿನ ಚೀಲದಾಗ ಮುಡಬಿಯ ಕಸ್ತೂರಿಬಾಯಿಯವರ ಲ್ಯಾಪ್‌ಟಾಪ್. ಅದರ ಬ್ಯಾಟರಿ ಸತ್ತು ವರ್ಷಾಗಿತ್ತು. ವೈರ್ ಚುಚ್ಚದೆ ಚಾಲೂನ ಆಗ್ತಿರಲಿಲ್ಲ.

ಹಾಳಬಾವಿ ಹತ್ರ ಬಂದ... ಚೀಲದಾಗ ಫ್ಯಾನು ತಿರುಗಿತು. ಸುಂಯ್ಯ್...

ಆಮ್ಯಾಲ ಬೀಸೂಕಲ್ಲು. ಘರ್ರ್... ಘರ್ರ್...

ಕಾಲು ನಿಂತುಬಿಟ್ಟವು. ಆ ಕಲ್ಲು ಯಾರದಂತ ಅವನಿಗೆ ಗೊತ್ತಿತ್ತು.

ಅವತ್ತ ಮುಂಜಾನೆ ಕಸ್ತೂರಿಬಾಯಿ ಹೇಳಿದ್ದರು, "ತಮ್ಮಾ, ವಿಂಡೋಸ್ ಹೊಸಾದು ಹಾಕು. ಆ ರಿಕವರಿ ಪಾರ್ಟಿಷನ್ ಒಂದು ಮುಟ್ಟಬ್ಯಾಡ. ತನ್ನ ಅಣ್ಣ ಅಳಸ್ತಾನಂತ ನಮ್ಮ ರೂಪಾಲಿ ತಾ ಬೀಸಕೋತ ಹಾಡಿ ರೆಕಾರ್ಡ್ ಮಾಡಿದ ಬೀಸೂಪದ ಅದರಾಗೇ ಮುಚ್ಚಿಟ್ಟಾಳ."

ರಿಕವರಿ ಅಂದರ ಡಿಸ್ಕಿನ ಮೂಲ್ಯಾಗ ಕಂಪನಿಯವರು ಮರೆಮಾಡಿದ ಜಾಗ. ರೂಪಾಲಿ ಕಾಮಣಿ ಬ್ಯಾನಿಯಿಂದ ತೀರಿ ನಾಕು ತಿಂಗಳಾಗಿತ್ತು. ಮಗಳ ದನಿ ಅಂತ ಆ ತಾಯಿಗೆ ಉಳದದ್ದು ಅದೊಂದೇ.

"ಮುಟ್ಟಂಗಿಲ್ರೀ ಮೌಶಿ," ಅಂದಿದ್ದ ಗುರುಶಾಂತ.

ಸಂಜಿಗೆ ಹೊಸ ವಿಂಡೋಸ್ ಹಾಕಾಕ ಆ ಪಾರ್ಟಿಷನ್ನೇ ಅಡ್ಡಬಂತು. ನನಗ ಫೋನ್ ಹಚ್ಚಿದ, ಹಾಡಿಂದೂ ಹೇಳಿದ. ನಾ ನಕ್ಕೆ. "ಲೇ, ರಿಕವರಿದಾಗ ಯಾರರ ಹಾಡು ಇಡತಾರೇನಲೇ? ಕಸ್ತೂರಿಬಾಯೀಗೇನ್ ತಿಳೀತದ? ಎಲ್ಲಾ ಹಾರಿಸು. ನಾ ಹೇಳಾಕತ್ತೇನಿ."

ಹಾರಿಸಿದ. ಹೊಸ ವಿಂಡೋಸ್ ಬಂತು. ಹಾಡು ಮಾತ್ರ ಎಲ್ಲೂ ಇಲ್ಲ.

ಆ ರಾತ್ರಿ ಬಾವಿ ಹತ್ರ ಈಗ ಕಿವೀಗೆ ಹತ್ತಿದಂಗ ಹೆಣ್ಮಗಳ ಪಿಸುದನಿ.

"ಅಣ್ಣಾ... ನನ್ನ ಪದ ಎಲ್ಲಿ ಒಗದಿ?"

"ನಾ ಅಲ್ಲವ್ವಾ... ಹುಡಗಿ ಊರಾಂವ ಹೇಳಿದ."

ನನ್ನ ಮ್ಯಾಲೇ ಹಾಕಿದ, ಅಂಜುಬುರುಕ! ಸುಳ್ಳರ ಹೇಳಿದನೇನು? ಇಲ್ಲ.

ಕಲ್ಲು ನಿಂತಿತು.

ಮರುದಿನ ಅಂಗಡ್ಯಾಗ ನಾನೂ ಇದ್ದೆ. ಕಸ್ತೂರಿಬಾಯಿ ನಮ್ಮಿಬ್ಬರ ಮಾರಿ ನೋಡಿದರು. "ಹೋತೇನು?" ಅಂದರು. ನಾ ಗುರುಶಾಂತನ ಬೆನ್ನ ಹಿಂದ ಸರದೆ. ಗುರುಶಾಂತ ಲ್ಯಾಪ್‌ಟಾಪ್ ತೆರೆದ.

ಕೀಗಳ ಸಂದ್ಯಾಗೆಲ್ಲ ಜ್ವಾಳದ ಹಿಟ್ಟು. ಇದೇ ಬೆರಳಿಲೆ ಮುಟ್ಟೇನ್ರಿ, ಆಣಿಮಾಡಿ ಹೇಳತೇನಿ... ಆಗಷ್ಟೇ ಬೀಸಿದಂಗ ಬೆಚ್ಚಗಿತ್ತು.

 ಕಸ್ತೂರಿಬಾಯಿ ಹಿಟ್ಟಷ್ಟೂ ಸೆರಗಿಗೆ ಕೊಡವಿಕೊಂಡು ಗಂಟು ಹಾಕಿದರು. ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಹೋದರು.